ಹುಳ ಒಪ್ಪಿದ ಕಾರು

ನಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತು ಶುರುವಾದದ್ದು ನನಗಾಗಿ ಅಲ್ಲ, ಹುಳಗಳಿಗಾಗಿ. ಎಷ್ಟೋ ವರ್ಷಗಳಿಂದ ನಾನು ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಬೈಕು, ಅಲ್ಲಿಂದ ಬಸ್ಸು, ಮತ್ತೊಂದು ಬಸ್ಸು ಹಿಡಿದು ಹಾರೋಹಳ್ಳಿಯ ಕಾರ್ಖಾನೆಗೆ ಹೋಗಿಬರುತ್ತಿದ್ದೇನೆ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದಿದ್ದೇನೆ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಚಪ್ಪಲಿ ಕಳೆದುಕೊಂಡು ಬಂದಿದ್ದೇನೆ. ಆಗೆಲ್ಲ ಯಾರಿಗೂ ಕಾರಿನ ನೆನಪಾಗಲಿಲ್ಲ. ಹೆಂಡತಿಯ ಹುಳಗಳಿಗೆ ಒಂದು ದಿನ ದಾರಿಯಲ್ಲಿ ಸೆಕೆಯಾಯಿತು ನೋಡಿ, ಆವತ್ತೇ ತೀರ್ಮಾನವಾಯಿತು.

ನನ್ನ ಹೆಂಡತಿ ಚಾಕಿ ಕೇಂದ್ರ ನಡೆಸುತ್ತಾಳೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ರೇಷ್ಮೆ ಹುಳಗಳ ಬಾಲವಾಡಿ. ಮೊಟ್ಟೆಯೊಡೆದು ಬಂದ ಇರುವೆಯಂಥ ಮರಿಗಳಿಗೆ ಎಳೆಯ ಹಿಪ್ಪುನೇರಳೆ ಎಲೆ ಹೆಚ್ಚಿ ಹಾಕಿ, ಎರಡನೇ ಜ್ವರದವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವುದು. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಮೇವು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಹಾಗೆ ಕೂತಿರುವಾಗಲೇ ತಂಪು ಹೊತ್ತಿನಲ್ಲಿ ಟ್ರೇಗಳಲ್ಲಿಟ್ಟು ರೈತರ ಮನೆ ಮುಟ್ಟಿಸಬೇಕು. ದಾರಿಯಲ್ಲಿ ಬಿಸಿಲು, ಹೊಗೆ, ಕುಲುಕಾಟ ಹೆಚ್ಚಾದರೆ ಅವು ಒಂದೇ ಸಮ ಏಳುವುದಿಲ್ಲ. ಕೆಲವು ಇವತ್ತು ಎದ್ದು ಎಲೆ ಕೇಳುತ್ತವೆ, ಕೆಲವು ನಾಳೆ. ಅಲ್ಲಿಗೆ ರೈತನ ಬೆಳೆ ಏರುಪೇರು.

ಆಗಿದ್ದೂ ಅದೇ. ಮಾಗಡಿ ಕಡೆಯ ಹಳ್ಳಿಯೊಂದಕ್ಕೆ ಹುಳ ಹೊತ್ತು ಹೊರಟ ಗೂಡ್ಸ್ ಆಟೋ ರಾಮನಗರ ದಾಟಿದ ಮೇಲೆ ಕೆಟ್ಟು ನಿಂತಿತು. ಬಿಸಿಲೇರಿತು. ಎರಡು ದಿನ ಕಳೆದು ಅಲ್ಲಿಯ ಹಿರಿಯ ರೈತರೊಬ್ಬರ ಫೋನು ಬಂತು. ಆ ಊರಿನಲ್ಲಿ ಯಾರು ಎಲ್ಲಿಂದ ಚಾಕಿ ಹುಳ ತರಬೇಕೆಂಬುದು ಅವರ ಮಾತಿನ ಮೇಲೆ ನಿಂತಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ಸಲ ಹುಳ ಒಂದೇ ಸಮ ಏಳ್ನಿಲ್ಲ ಕಣವ್ವ. ನಿನ್ ಕೈಗುಣ ಒಳ್ಳೇದೇಯ, ದಾರಿ ಸರಿ ಇಲ್ಲ. ಇನ್ನೊಂದ್ ದಪ ಇಂಗಾದ್ರೆ ನಾವು ಬ್ಯಾರೆ ಕಡೆ ನೋಡ್ಕತೀವಿ, ಬೇಜಾರ್ ಮಾಡ್ಕಬ್ಯಾಡ."

ಹೆಂಡತಿ ಫೋನು ಕೆಳಗಿಟ್ಟಳು. ಆಮೇಲೆ ಬೀರುವಿನಿಂದ ತನ್ನ ಡ್ರೈವಿಂಗ್ ಲೈಸೆನ್ಸ್ ತೆಗೆದು ಟೇಬಲ್ಲಿನ ಮೇಲಿಟ್ಟಳು. ಚನ್ನಪಟ್ಟಣದ ಡ್ರೈವಿಂಗ್ ಶಾಲೆಯಲ್ಲಿ ಕಲಿತು ಪಡೆದ ಮೇಲೆ ಅದು ಆ ಬೀರು ಬಿಟ್ಟು ಹೊರಬಂದಿರಲಿಲ್ಲ. "ಮುಂದಿನ ಚಾಕಿ ನಾನೇ ತಗೊಂಡೋಗಿ ಕೊಡ್ತೀನಿ," ಅಂದಳು. "ಕಾರು ನೋಡಿ."

ನನ್ನನ್ನು ಕಾರು ನೋಡು ಎನ್ನುವುದೆಂದರೆ ಬೆಲ್ಲದ ಜಾಡಿಗೆ ಇರುವೆ ಕಾವಲಿಟ್ಟ ಹಾಗೆ. ಕಾರ್ಖಾನೆಯಲ್ಲಿ ನನ್ನದು ಕ್ವಾಲಿಟಿ ವಿಭಾಗ. ಬಂದ ಮಾಲಿನಲ್ಲಿ ಖೋಡಿ ಹುಡುಕುವುದಕ್ಕೇ ನನಗೆ ಸಂಬಳ. ಮನೆಯಲ್ಲಿ ಆ ಕೆಲಸ ಸಂಬಳವಿಲ್ಲದೆ ಮಾಡುತ್ತೇನೆ. ಮದುವೆಗೆ ಹೊರಟರೆ ಊರಬಾಗಿಲಿನಿಂದ ವಾಪಸು ಬಂದು ಗ್ಯಾಸು ಮುಟ್ಟಿ ನೋಡುವವನು ನಾನು. ಪೆಟ್ರೋಲ್ ಕಾರೋ ಎಲೆಕ್ಟ್ರಿಕ್ ಕಾರೋ ಎಂಬ ಪ್ರಶ್ನೆ ಸಿಕ್ಕಿದ ಕೂಡಲೇ ನನ್ನ ಚಿಂತೆಗಳಿಗೆಲ್ಲ ಹಬ್ಬವಾಯಿತು. ಬ್ಯಾಟರಿಗೆ ಬೆಂಕಿ ಹತ್ತಿಕೊಂಡರೆ? ಮಾಗಡಿ ರಸ್ತೆಯ ಬಂಡೆಗಳ ನಡುವೆ ಚಾರ್ಜು ಮುಗಿದರೆ? ಚಾರ್ಜಿಗೆ ಹಾಕಿದ ದಿನವೇ ಕರೆಂಟು ಹೋದರೆ? ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಎಲೆಕ್ಟ್ರಿಕ್ಕೇ ಸ್ವರ್ಗ ಎಂದ, ಇನ್ನೊಬ್ಬ ಅದೇ ಕಾರನ್ನು ತೋರಿಸಿ ಅಳುತ್ತಿದ್ದ. ಆದರೆ ನಿಜ ಹೇಳಬೇಕೆಂದರೆ, ಇಷ್ಟು ಸಂತೋಷವಾಗಿ ನಾನು ಯಾವತ್ತೂ ಚಿಂತೆ ಮಾಡಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ನಗುತ್ತಿದ್ದೆನಂತೆ. ಪಕ್ಕದವರು ಏನು ಸಾರ್ ಎಂದು ಕೇಳಿದರು.

ಅಕ್ಕೂರಿನ ಬಾಮೈದನಿಗೆ ಸುದ್ದಿ ಮುಟ್ಟಿದ್ದೇ ತಡ, ತನ್ನ ಪೆಟ್ರೋಲ್ ಕಾರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಅವನ ಕಾರು ಚಿಕ್ಕದು, ಹಳೆಯದು, ಆದರೆ ಮೈಲೇಜಿನ ಮಾತು ಬಂದರೆ ಮಗಳ ಮಾರ್ಕ್ಸು ಹೇಳುವ ಹಾಗೆ ಹೇಳುತ್ತಾನೆ.

"ಭಾವ, ಇಂತದ್ದನ್ನೇ ತಗಳಿ. ಒಸಿ ಪೆಟ್ರೋಲ್ ಕುಡುಸಿದ್ರೆ ಸಾಕು, ದೇಸ ಸುತ್ಬುಟ್ಟು ಬತ್ತದೆ."

"ಎಲೆಕ್ಟ್ರಿಕ್ ಕಾರಿಗೆ ಓಡಿಸೋ ಖರ್ಚು ಇನ್ನೂ ಕಮ್ಮಿಯಂತೆ ಕಣೋ."

"ನಿಮ್ ಬೋರಿಗೆ ಕರೆಂಟ್ ಬರೋ ಹೊತ್ತು ನಿಮ್ಗೇ ಗೊತ್ತಿಲ್ಲ. ಕಾರಿಗೆ ಎಲ್ಲಿಂದ ತತ್ತೀರಾ? ದಾರೀಲಿ ನಿಂತೋದ್ರೆ ಅಕ್ಕ ತಳ್ತಾಳಾ, ನೀವು ತಳ್ತೀರಾ?"

"ನೀನಿದ್ದೀಯಲ್ಲ," ಅಂದಳು ಅವನ ಅಕ್ಕ, ಅಂದರೆ ನನ್ನ ಹೆಂಡತಿ. "ಫೋನ್ ಮಾಡ್ತೀನಿ, ಬಂದು ತಳ್ಳು."

ಮುಂದಿನ ವಾರ ರಾಮನಗರಕ್ಕೆ ಹೋದೆವು. ಮೊದಲು ಪೆಟ್ರೋಲ್ ಕಾರಿನ ಶೋರೂಮು. ನಾನು ಬಾನೆಟ್ಟು ತೆಗೆಸಿದೆ, ಮುಚ್ಚಿಸಿದೆ, ಮತ್ತೆ ತೆಗೆಸಿದೆ. ಬ್ರೇಕಿನ ಬಗ್ಗೆ, ಬಣ್ಣದ ಬಗ್ಗೆ, ಟೈರಿನ ಬಗ್ಗೆ ಕೇಳಿದೆ. ಹೆಂಡತಿ ಸ್ಟೇರಿಂಗಿನ ಹತ್ತಿರವೂ ಹೋಗಲಿಲ್ಲ. ನೇರ ಹಿಂದಿನ ಸೀಟಿಗೆ ಹತ್ತಿ, ಸೀಟು ಮಡಚಿಸಿ, ಟ್ರೇ ಅಳತೆಗೆ ತಂದಿದ್ದ ದಾರ ಹಿಡಿದು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು. ಸೇಲ್ಸ್‌ನವನು ಗಾಬರಿಯಾಗಿ ನನ್ನ ಮುಖ ನೋಡಿದ.

"ಇಂಜಿನ್ ಆಫ್ ಮಾಡಿ, ಏಸಿ ಮಾತ್ರ ಬಿಡಿ," ಅಂದಳು.

"ಇಂಜಿನ್ ಆಫ್ ಆದ್ರೆ ಏಸಿ ತಣ್ಣಗೆ ಬರಲ್ಲ ಮೇಡಂ."

"ಹಂಗಾದ್ರೆ ನಾನು ಟ್ರೇ ತುಂಬಿಸೋವರ್ಗೂ ಹುಳದ ಮನೆ ಮುಂದೆ ಇದು ಹೊಗೆ ಬಿಡ್ತಾ ನಿಂತಿರಬೇಕಾ?"

ನಾನು ಹುಡುಕಿದ್ದ ಅಷ್ಟೂ ಖೋಡಿಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ.

ಎಲೆಕ್ಟ್ರಿಕ್ ಕಾರಿನ ಶೋರೂಮಿನಲ್ಲಿ ನಮ್ಮನ್ನು ಮಾತನಾಡಿಸಿದ್ದು ಕನಕಪುರದ ಕಡೆಯ ಹೆಂಗಸು. ಕಾರಿನೊಳಗೆ ಮಲ್ಲಿಗೆ ವಾಸನೆಯ ಸೆಂಟಿನ ಬಾಟಲಿ ತೂಗುತ್ತಿತ್ತು. ಹೆಂಡತಿ ಬಾಗಿಲು ತೆಗೆದವಳು ಹಾಗೇ ಹಿಂದೆ ಸರಿದಳು. ವಿಷಯ ಹೇಳಿದ ಕೂಡಲೇ ಆಕೆ ನಕ್ಕು, "ನಮ್ಮನೇಲೂ ಹುಳ ಮೇಯಿಸ್ತಿದ್ರು ಮೇಡಂ, ನಂಗೆ ಪೌಡರ್ ಹಾಕ್ಕಳ್ಳೋಕೂ ಬುಡ್ತಿರಲಿಲ್ಲ," ಎನ್ನುತ್ತ ಬಾಟಲಿ ಕಿತ್ತು ತನ್ನ ಬ್ಯಾಗಿಗೆ ಹಾಕಿಕೊಂಡಳು.

ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ.

"ಸರ್, ಮೊದಲನೇ ಸಲಕ್ಕೇ ಆನ್ ಆಗಿತ್ತು. ಈಗ ನೀವು ಆಫ್ ಮಾಡಿದ್ರಿ."

ಮೂರನೆಯ ಸಲ ಒತ್ತಿ, ಕಾಲು ಮೆಲ್ಲಗೆ ಊರಿದೆ. ಕಾರು ಹೊರಟಿತು, ಅಥವಾ ಶೋರೂಮು ಹಿಂದಕ್ಕೆ ಹೋಯಿತು. ಶಬ್ದವೇ ಇಲ್ಲದಿದ್ದುದರಿಂದ ಯಾವುದೆಂದು ತಿಳಿಯಲಿಲ್ಲ. ಹೆದ್ದಾರಿ ಬದಿಯ ಹಳೆಯ ರಸ್ತೆಯಲ್ಲಿ, ಬಂಡೆ ಬೆಟ್ಟಗಳನ್ನು ನೋಡುತ್ತ, ಐವತ್ತರ ಹತ್ತಿರದ ನಾನು ಬಾಯಿ ಬಿಟ್ಟುಕೊಂಡು ಓಡಿಸಿದೆ. ಗೇರಿಲ್ಲ, ಕ್ಲಚ್ಚಿಲ್ಲ, ಎಡಗಾಲಿಗೆ ನಿವೃತ್ತಿ. ಸೀಟಿನಡಿ ಬೆಂಕಿ ಹತ್ತಿಕೊಳ್ಳಬಹುದು ಎಂದು ನೆನಪು ಮಾಡಿಕೊಳ್ಳಲು ಪ್ರಯತ್ನಪಟ್ಟೆ. ನೆನಪೇ ನಿಲ್ಲಲಿಲ್ಲ.

ಹೆಂಡತಿ ಮಾತ್ರ ಒಪ್ಪಲಿಲ್ಲ. "ರೋಡಲ್ಲಿ ಎಲ್ಲಾ ಚೆನ್ನಾಗೇ ಇರುತ್ತೆ. ನನ್ನ ಹುಳ ಹತ್ತಿಸಿ ಮಾಗಡಿ ಕಡೆಗೆ ಓಡಿಸಿ ನೋಡದೆ ಬುಕ್ ಮಾಡಲ್ಲ." ಕನಕಪುರದ ಹೆಂಗಸು ಒಳಗೆ ಹೋಗಿ ಮ್ಯಾನೇಜರಿಗೆ ಏನು ಹೇಳಿದಳೋ ಗೊತ್ತಿಲ್ಲ. ಮುಂದಿನ ಚಾಕಿ ಕೊಡುವ ಹಿಂದಿನ ದಿನ ಬಂದು ಕಾರು ಒಯ್ದು, ಮರುದಿನ ಮಧ್ಯಾಹ್ನ ತಂದುಬಿಡಿ ಎಂದರು.

ಹಾಗೆ ಆ ಕಾರು ಒಂದು ದಿನದ ಅಳಿಯನಂತೆ ನಮ್ಮ ಮನೆಗೆ ಬಂತು. ನಾನು ರಜೆ ಹಾಕಿದ್ದೆ. ಹೆಂಡತಿ ಮೊದಲು ಊರಾಚೆಯ ರಸ್ತೆಯಲ್ಲಿ ನಾಲ್ಕು ಸುತ್ತು ಓಡಿಸಿ ಕೈ ಪಳಗಿಸಿಕೊಂಡಳು. ಬಂದವರೆಲ್ಲ ಒಮ್ಮೆ ಕೂತರು, ಒಮ್ಮೆ ಹಾರ್ನು ಹೊಡೆದರು. ಹುಳದ ಮನೆಯ ಹೊರಗೋಡೆಯ ದಪ್ಪ ಪ್ಲಗ್ಗಿನಿಂದ ವೈರು ಎಳೆದು ಚಾರ್ಜಿಗೆ ಹಾಕಿದೆವು. ನಾನು ಹೋಗಿ ಹೋಗಿ ಪ್ಲಗ್ಗು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಬಾಮೈದ ಜಗಲಿಯಲ್ಲಿ ಕೂತು ನೋಡುತ್ತಿದ್ದ.

"ಎಮ್ಮೆ ಕಟ್ಟಾಕ್ದಂಗೆ ಕಟ್ಟಾಕಿದ್ದೀರಲ್ಲ ಭಾವ. ಹಸಿಹುಲ್ಲು ಹಾಕದಾ?"

"ಹಾಲು ಕರೆದಾಗ ಕೇಳೋಕೆ ಬರಬೇಡ," ಅಂದೆ. ಇಂಥ ಉತ್ತರ ನನಗೆ ಸಮಯಕ್ಕೆ ಹೊಳೆಯುವುದು ಅಪರೂಪ. ಅಷ್ಟು ಖುಷಿಯಲ್ಲಿದ್ದೆ.

ಆ ಖುಷಿಯಲ್ಲೇ ಎಡವಟ್ಟಾದದ್ದು. ಕಾರ್ಖಾನೆಯಲ್ಲಿ ಜೊತೆಗಾರರೊಬ್ಬರು ಹೇಳಿದ್ದರು: ಎಂಥ ಕಾರೇ ಇರಲಿ, ಹಳ್ಳಿಯಲ್ಲಿ ನಿಲ್ಲಿಸಿದರೆ ಇಲಿ ನುಗ್ಗಿ ವೈರು ಕಡಿಯುತ್ತದೆ, ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಂತೆ ಇಟ್ಟುಬಿಡಿ, ಇಲಿ ಹತ್ತಿರ ಸುಳಿಯುವುದಿಲ್ಲ. ಪೆಟ್ರೋಲ್ ಕಾರಿನಲ್ಲೇ ಹೀಗಾದರೆ ಮೈಯೆಲ್ಲ ವೈರಾಗಿರುವ ಎಲೆಕ್ಟ್ರಿಕ್ ಕಾರಿನ ಗತಿ? ಅದೂ ಶೋರೂಮಿನವರ ಕಾರು. ಸಂಜೆ ಎಲ್ಲರೂ ಚದುರಿದ ಮೇಲೆ, ಚನ್ನಪಟ್ಟಣದಿಂದ ತಂದಿದ್ದ ಕಂತೆಯನ್ನು ಬಾನೆಟ್ಟು ಎತ್ತಿ ಒಳಗೆ ಸಿಕ್ಕಿಸಿದೆ. ಕೈತೊಳೆದುಕೊಂಡೆ. ಇಷ್ಟು ಮುಂದಾಲೋಚನೆಯ ಮನುಷ್ಯ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡು ಮಲಗಿದೆ.

ರೇಷ್ಮೆ ಕಡೆಯವರು ಇಷ್ಟು ಹೊತ್ತಿಗೆ ಪುಸ್ತಕ ಮಡಚಿ ತಲೆ ಚಚ್ಚಿಕೊಂಡಿರುತ್ತಾರೆ. ಹೊಗೆಸೊಪ್ಪು ರೇಷ್ಮೆ ಹುಳಕ್ಕೆ ವಿಷ. ಅದರ ಗಾಳಿ ಬಡಿದರೂ ಸಾಕು. ಹೊಗೆಸೊಪ್ಪು ಹಾಕುವ ನಂಟರು ಬಂದರೆ ನಮ್ಮ ಮನೆಯಲ್ಲಿ ದೂರದ ಜಗಲಿಯಲ್ಲೇ ಕಾಫಿ. ಬಾಯಿ ಮುಕ್ಕಳಿಸಿ ಕೈಕಾಲು ತೊಳೆದರೂ ಹುಳದ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಕಾರ್ಖಾನೆಯ ವಾಸನೆ ಹೊತ್ತು ಬರುವ ನನಗೂ ಆ ಹೊಸ್ತಿಲವರೆಗೇ ಪ್ರವೇಶ. ಇಷ್ಟೆಲ್ಲ ಎಷ್ಟೋ ವರ್ಷಗಳಿಂದ ನೋಡಿದವನು ನಾನು. ಆದರೆ ನನ್ನ ತಲೆಯಲ್ಲಿ ಇಲಿಯ ಚಿಂತೆ ಒಂದು ವಿಭಾಗ, ಹುಳದ ಚಿಂತೆ ಇನ್ನೊಂದು ವಿಭಾಗ. ಒಂದು ವಿಭಾಗದ ಸುದ್ದಿ ಇನ್ನೊಂದಕ್ಕೆ ಹೋಗಿರಲಿಲ್ಲ.

ಬೆಳಕು ಹರಿಯುವ ಮುಂಚೆ ಹೆಂಡತಿ ಎದ್ದು ಸಿದ್ಧವಾಗಿದ್ದಳು. ಹುಳ ಚೆನ್ನಾಗಿ ಜ್ವರಕ್ಕೆ ಕೂತಿದ್ದವು. ಟ್ರೇಗಳು ಹೊಸ್ತಿಲ ಒಳಗೆ ಸಾಲಾಗಿ ಕಾಯುತ್ತಿದ್ದವು. ಹುಳ ಹತ್ತಿಸುವ ಮುಂಚೆ ಕಾರು ತಂಪಾಗಲಿ ಎಂದು ಅವಳು ಕೂತು ಏಸಿ ಹಾಕಿದಳು. ಕಾರು ಸದ್ದಿಲ್ಲದೆ ನಿಂತಿತ್ತು, ಗಾಳಿ ಮಾತ್ರ ಸುಯ್ಯೆನ್ನುತ್ತಿತ್ತು. ಅವಳು ಇಳಿದು ಬಂದಳು. ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಈ ಕಾರಲ್ಲಿ ಯಾರೋ ಹೊಗೆಸೊಪ್ಪು ಹಾಕ್ಕೊಂಡು ಕೂತಿದ್ರು."

ನನ್ನ ಎರಡು ವಿಭಾಗಗಳೂ ಆ ಕ್ಷಣದಲ್ಲಿ ಒಂದಾದವು.

"ಯಾರೂ ಕೂತಿರಲಿಲ್ಲ," ಅಂದೆ. "ಬಾನೆಟ್ಟಲ್ಲಿದೆ."

"ಏನಿದೆ?"

"ಕಂತೆ. ಇಲಿ ಬರದೆ ಇರ್ಲಿ ಅಂತ."

ಅವಳು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಅಷ್ಟರಲ್ಲಿ, ಕಾರು ಕೈಕೊಟ್ಟರೆ ಇರಲಿ ಎಂದು ಬಾಮೈದ ತನ್ನ ಕಾರು ತಂದು ನಿಲ್ಲಿಸಿದ. ಕಥೆ ಕೇಳಿ ಅವನಿಗೆ ಇಡೀ ಊರನ್ನೇ ಬರೆದುಕೊಟ್ಟಷ್ಟು ಸಂತೋಷ.

"ಭಾವ, ಇಲಿ ಒಂದೂ ಬಂದಿಲ್ಲ ತಾನೇ? ಮತ್ತೆ? ಬುಡಕ್ಕ, ನನ್ ಕಾರ್ಗಾಕು. ಈಗ್ಲೇ ಒಂಟೋಗನ."

ಅವಳು ಅವನ ಡಿಕ್ಕಿ ತೆಗೆದಳು, ಮೂಸಿದಳು, ಮುಚ್ಚಿದಳು. ಕಳೆ ಕತ್ತರಿಸುವ ಮಿಷಿನ್ನಿಗೆಂದು ಅವನು ಒಯ್ಯುವ ಪೆಟ್ರೋಲು ಕ್ಯಾನು ಅಲ್ಲಿ ಚೆಲ್ಲಿ ಒಳಗೆಲ್ಲ ವಾಸನೆ ಹಿಡಿದಿತ್ತು.

"ನಿನ್ ಡಿಕ್ಕಿ ಪೆಟ್ರೋಲ್ ಬಂಕ್ ಆಗದೆ ಕಣೋ. ಭಾವ ಭಾವಮೈದ ಇಬ್ರೂ ಒಂದೇ ಗರಡೀಲಿ ಪಳಗಿರೋರು. ನಿಂತ್ಕಂಡು ನಗಬೇಡ, ನೀರು ತಾ."

ಮೂಡಲು ಕೆಂಪಾಗುತ್ತಿತ್ತು. ನಾನು ಕಂತೆ ಕಿತ್ತು ದೂರ ಗಾಳಿ ಬೀಸುವ ಆಚೆ ಬದಿಗೆ ಒಯ್ದು ಹೂತೆ, ಸ್ನಾನ ಮಾಡಿ ಬಟ್ಟೆ ಬದಲಿಸಿದೆ. ಬಾಮೈದ ಬಾನೆಟ್ಟಿನೊಳಗೆ ಒದ್ದೆ ಬಟ್ಟೆಯಿಂದ ಒರೆಸಿದ. ಬಾಗಿಲು ನಾಲ್ಕೂ ತೆರೆದು ಏಸಿಯನ್ನು ಪೂರ್ತಿ ಬಿಟ್ಟೆವು. ನಾವು ಮೂವರೂ ಸರದಿಯಲ್ಲಿ ಮೂಗು ತೂರಿಸಿ ನೋಡಿದೆವು. ನನಗೆ ಇನ್ನೂ ವಾಸನೆಯಿದೆ ಅನ್ನಿಸಿತು. ಬಾಮೈದನಿಗೆ ಇಲ್ಲ ಅನ್ನಿಸಿತು. ಸೂರ್ಯ ಬಂದ. ಮಾಗಡಿ ಕಡೆಯ ಹಿರಿಯರು ಮನೆ ತೊಳೆದು, ತಟ್ಟೆ ಹರವಿಕೊಂಡು ಕಾಯುತ್ತಿರುತ್ತಾರೆ. ತಡವಾದರೂ ಹೋಯಿತು, ವಾಸನೆ ಉಳಿದಿದ್ದರೂ ಹೋಯಿತು.

"ನಮ್ಮ ಮೂಗು ನಂಬೋಕಾಗಲ್ಲ," ಎಂದು ಹೆಂಡತಿ ಒಳಗೆ ಹೋಗಿ ಚಿಕ್ಕ ತಟ್ಟೆಯೊಂದನ್ನು ತಂದಳು. ಜ್ವರಕ್ಕೆ ಕೂರದೆ ಹಿಂದುಳಿದ ಒಂದು ಹಿಡಿ ಹುಳ ಅದರಲ್ಲಿದ್ದವು. ಅಂಥವನ್ನು ರೈತರಿಗೆ ಕೊಡುವುದಿಲ್ಲ, ಆರಿಸಿ ಬೇರೆ ಇಡುತ್ತಾರೆ. ಹೆಚ್ಚಿದ ಎಲೆ ಉದುರಿಸಿ ತಟ್ಟೆಯನ್ನು ಹಿಂದೆ ಇಟ್ಟು ಬಾಗಿಲು ಹಾಕಿದಳು. ಹೊಗೆಸೊಪ್ಪಿನ ಗಾಳಿ ಉಳಿದಿದ್ದರೆ ಹುಳ ತಲೆ ಒದರುತ್ತವೆ, ಹಸಿರು ನೀರು ಕಾರುತ್ತವೆ. ಇಲ್ಲದಿದ್ದರೆ ತಿನ್ನುತ್ತವೆ.

ನಾವು ಮೂವರು ಕಾರಿನ ಗಾಜಿಗೆ ಹಣೆ ಒತ್ತಿ ನಿಂತೆವು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಎಲೆಯ ಅಂಚು ಸವೆಯಿತು. ಇನ್ನೊಂದರ ಅಂಚೂ ಸವೆಯಿತು. ಕಾದೆವು. ತಲೆಗಳು ಎಲೆಯ ಮೇಲೆ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಲೇ ಇದ್ದವು, ಒಂದೂ ಒದರಲಿಲ್ಲ.

"ತಿಂತಾವೆ," ಅಂದ ಬಾಮೈದ, ದೇವಸ್ಥಾನದಲ್ಲಿ ಮಾತನಾಡುವ ದನಿಯಲ್ಲಿ. "ಭಾವ, ತಿಂತಾವೆ."

ಟ್ರೇಗಳು ಒಂದೊಂದಾಗಿ ಒಳಗೆ ಹೋದವು. ಹೆಂಡತಿ ಸ್ಟೇರಿಂಗಿನ ಮುಂದೆ, ನಾನು ಪಕ್ಕದಲ್ಲಿ, ತಟ್ಟೆ ನನ್ನ ತೊಡೆಯ ಮೇಲೆ. ಚನ್ನಪಟ್ಟಣ ದಾಟುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಗೂಡ್ಸ್ ಆಟೋ ಆಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಒಳಗೆ ಮಾತ್ರ ಮುಂಜಾವಿನ ತಂಪು ಹಾಗೇ ಇತ್ತು. ಲಾರಿಯ ಹೊಗೆ ಗಾಜಿನ ಆಚೆಗೇ ಉಳಿಯಿತು. ಅವಳು ಹಂಪುಗಳ ಮೇಲೆ ಕಾರನ್ನು ತೊಟ್ಟಿಲಿನಂತೆ ಹತ್ತಿಸಿ ಇಳಿಸುತ್ತಿದ್ದಳು.

"ಚಾರ್ಜು ಇಳೀತಾ ಇದೆ," ಅಂದೆ ರಾಮನಗರ ದಾಟಿದ ಮೇಲೆ.

"ಅದನ್ನ ನೋಡಬೇಡಿ. ಹುಳ ನೋಡಿ."

ಏರಿನಲ್ಲಿ ಸಂಖ್ಯೆ ಇಳಿಯಿತು, ಜೊತೆಗೆ ನನ್ನ ಎದೆಯೂ. ಇಳಿಜಾರಿನಲ್ಲಿ ಅವಳು ಕಾಲು ತೆಗೆದಾಗ ಎಷ್ಟು ದೂರ ಹೋಗಬಹುದು ಎಂಬ ಸಂಖ್ಯೆ ಮೆಲ್ಲಗೆ ಮೇಲಕ್ಕೇರಿತು. ಇಳಿಯುತ್ತಿದ್ದರೆ ಇದು ತನ್ನ ಹೊಟ್ಟೆಗೆ ತಾನೇ ಸ್ವಲ್ಪ ತುಂಬಿಸಿಕೊಳ್ಳುತ್ತದೆ ಎಂದು ವಿಡಿಯೋದಲ್ಲಿ ನೋಡಿದ್ದೆ, ನಂಬಿರಲಿಲ್ಲ. ಕಳೆದುಹೋದದ್ದು ತಾನಾಗಿ ವಾಪಸು ಬರುವುದನ್ನು ನನ್ನಂಥ ಚಿಂತೆಗಾರ ಬದುಕಿನಲ್ಲಿ ಎಲ್ಲಿ ನೋಡಿರುತ್ತಾನೆ? "ಇನ್ನೊಂದು ಇಳಿಜಾರು ಬರುತ್ತಾ?" ಎಂದು ಕೇಳಿದೆ. ಅವಳು ಆ ಬೆಳಿಗ್ಗೆ ಮೊದಲ ಸಲ ನಕ್ಕಳು.

ಹಿರಿಯರು ಬೇಲಿಯ ಹತ್ತಿರ ನಿಂತಿದ್ದರು. ಕಾರು ಮಗ್ಗುಲಿಗೆ ಬರುವವರೆಗೂ ಅವರಿಗೆ ತಿಳಿಯಲಿಲ್ಲ. "ಏನವ್ವ, ಕಳ್ಳನಂಗೆ ಬಂದ್ಬುಟ್ಟೆ," ಅಂದರು. ಹಿಂದಿನ ಬಾಗಿಲು ತೆಗೆದು ಟ್ರೇಯ ಮೇಲೆ ಕೈಯಾಡಿಸಿದರು. ತಂಪು ತಾಗಿರಬೇಕು, ಕೈಯನ್ನು ಅಲ್ಲೇ ಇಟ್ಟುಕೊಂಡರು. ಹೊಗಳಲಿಲ್ಲ. "ಎದ್ಮೇಲೆ ನೋಡನ," ಎಂದಷ್ಟೇ ಹೇಳಿ ಟ್ರೇ ಹೊತ್ತು ಒಳಗೆ ಹೋದರು.

ಕಾರು ಹೊತ್ತಿಗೆ ಸರಿಯಾಗಿ ಶೋರೂಮು ಸೇರಿತು. ಬುಕ್ ಮಾಡ್ತೀರಾ ಎಂದು ಕನಕಪುರದ ಹೆಂಗಸು ಕೇಳಿದಾಗ ಹೆಂಡತಿ, "ಅವು ಏಳ್ಲಿ," ಅಂದಳು. ಆಕೆಗೆ ಅರ್ಥವಾಯಿತು. "ಏಳ್ಲಿ ಮೇಡಂ, ನಾನೂ ಕಾಯ್ತೀನಿ," ಅಂದಳು.

ಮರುದಿನವೆಲ್ಲ ಕಾರ್ಖಾನೆಯಲ್ಲಿ ನಾನು ಒಂದೂ ಖೋಡಿ ಕಂಡುಹಿಡಿಯಲಿಲ್ಲ. ಅಷ್ಟು ದೋಷರಹಿತ ಮಾಲು ಆ ಕಾರ್ಖಾನೆಗೆ ಹಿಂದೆಂದೂ ಬಂದಿರಲಾರದು. ಸಂಜೆ ಮನೆಗೆ ಬಂದಾಗ ಹೆಂಡತಿ ಫೋನಿನಲ್ಲಿದ್ದಳು. ನನ್ನನ್ನು ಕಂಡು ಸ್ಪೀಕರಿಗೆ ಹಾಕಿದಳು.

"ಎದ್ದವೆ ಕಣವ್ವ. ಒಂದೂ ಹಿಂದೆ ಬೀಳ್ದಂಗೆ ಒಂದೇ ಸಮ ಎದ್ಕಂಡು ಸೊಪ್ಪು ಕೇಳ್ತಾವೆ. ನಮ್ಮ ಬೀದಿಯೋರು ಇಬ್ರು ನಿನ್ ನಂಬರ್ ಈಸ್ಕಂಡವ್ರೆ. ಆ ಸದ್ದಿಲ್ದಿರೋ ಕಾರ್ನಲ್ಲೇ ಬಾ."

ಅವಳು ಫೋನಿಟ್ಟು ಹುಳದ ಮನೆಯ ಹೊಸ್ತಿಲ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ನಾಳೆ ರಜೆ ಹಾಕಿ, ಬುಕ್ ಮಾಡಿ ಬರೋಣ," ಅಂದಳು.

ಕಾರು ಬಂದ ದಿನ ಶೋರೂಮಿನವರು ಹಾರ ಹಾಕಿ, ನಿಂಬೆಹಣ್ಣಿಟ್ಟು, ಊದುಬತ್ತಿ ಹಚ್ಚಲು ಕಡ್ಡಿ ಗೀರಿದರು. ಕನಕಪುರದ ಹೆಂಗಸು ಮುಂದೆ ಬಂದು ಅದನ್ನು ಊದಿ ಆರಿಸಿದಳು. ನಾವು ಬರೀ ಹೂವು, ಅರಿಸಿನ, ಕುಂಕುಮದಲ್ಲಿ ಪೂಜೆ ಮುಗಿಸಿದೆವು. ಇಲಿಗೆ ಏನು ಮಾಡುವುದೆಂದು ನನಗೆ ಇನ್ನೂ ಚಿಂತೆಯಿದೆ. ಹೆಂಡತಿ ಅದಕ್ಕೆ ಬೆಕ್ಕು ಸಾಕಿದ್ದಾಳೆ. ಆ ಬೆಕ್ಕು ನಮ್ಮ ಕಾರಿನ ತಣ್ಣನೆಯ ಬಾನೆಟ್ಟು ಬಿಟ್ಟು, ಬಾಮೈದ ಬಂದ ಸಂಜೆಗಳಲ್ಲಿ ಅವನ ಪೆಟ್ರೋಲ್ ಕಾರಿನ ಬೆಚ್ಚಗಿನ ಬಾನೆಟ್ಟಿನ ಮೇಲೆ ಹೋಗಿ ಮಲಗುತ್ತದೆ.